ಎಂಡ್ತಿ ಎಸರು

ನಮ್ಮ ತಾಳವಾಡಿ ಬೆಟ್ಟದವರ ಬಾಯಿಗೆ ಹಕಾರ ಅತ್ತದಿಲ್ಲ ಕಣಪ್ಪ. ಎಪ್ಪತ್ತರ ಕಾಲ್ದಲ್ಲಿ ನನ್ನ ಎಂಡ್ತಿ ಹೊನ್ನಮ್ಮ ಲಂಡನ್ನಲ್ಲಿ ನರ್ಸು. ಅವಳು ಕರೆಸ್ಕಳದನ್ನೇ ಕಾಯ್ತಾ ನಾನು ಸಿಂಗಪೂರದ ಓಟ್ಲಲ್ಲಿ ತಟ್ಟೆ ತೊಳೀತಿದ್ದೆ.

ವೀಸಾ ಆಪೀಸಿನ ದೊರೆ, ನಮ್ಮ ಕಾಡಾನೆಯಷ್ಟು ದಪ್ಪ, ಎಂಡ್ತಿ ಎಸರು ಕೇಳ್ದ. "ಒನ್ನಮ್ಮ" ಅಂದೆ.

ಪಕ್ಕದಲ್ಲಿದ್ದ ತಮಿಳು ದುಬಾಸಿ, "ಅರ್ಜೀಲಿ ಹೊನ್ನಮ್ಮ ಅಂತದೆ. ಈ ಒನ್ನಮ್ಮ ಯಾರು?" ಅಂದ.

"ಎರಡೂ ನನ್ನ ಎಂಡ್ತೀನೇ ಕಣಣ್ಣ."

ದುಬಾಸಿ ಅದನ್ನ ದೊರೆಗೆ ಏನಂತ ಏಳಿದ್ನೋ, "ಇಬ್ಬರು ಎಂಡ್ರು ಇರೋನಿಗೆ ವೀಸಾ ಇಲ್ಲ" ಅಂತ ಆಚೆಗೆ ಕಳಿಸ್ಬುಟ್ರು.

ಅವತ್ತಿಂದ ತಟ್ಟೆ ಉಜ್ಜತಾ "ಹೊ, ಹೊ" ಅಂತ ಊದಿ ಊದಿ ಕಲ್ತೆ. ಆ ಗಾಳಿಗೆ ಓಟ್ಲಿನ ಒಲೇನೇ ಆರೋಗದು. ಕೊನೆಗೂ ನಾಲಿಗೆ ತಿರುಗ್ತು. ದೊರೆಗಿಂತ ಮೊದ್ಲು ಎಂಡ್ತಿಗೆ ಕೇಳ್ಸನ ಅಂತ ಲಂಡನ್ನಿಗೆ ಪೋನ್ ಆಕಿ, "ಹೊನ್ನಮ್ಮ" ಅಂದೆ.

"ಯಾರು ನೀವು?"

"ನಾನೇ ಕಣಮ್ಮಿ, ನಿನ್ನ ಗಂಡ."

"ನಮ್ಮನೆಯವರು ನನ್ನ ಒನ್ನಮ್ಮ ಅಂತಾರೆ. ಯಾರ ತಾವ್ಲೋ ನನ್ನ ಎಸರು ಕೇಳ್ಕಂಡು ಆಟ ಆಡ್ತಿದ್ದೀರಾ?" ಅಂತ ಪೋನು ಮಡಗ್ಬುಟ್ಲು.

ಅಲ್ಲಿಗೆ ದೊರೇನೂ ನಂಬ್ನಿಲ್ಲ, ಅವಳೂ ನಂಬ್ನಿಲ್ಲ. ಇನ್ನೂ ಒಂದು ವರ್ಷ ಅಲ್ಲೇ ತಟ್ಟೆ ತೊಳ್ದೆ, ಬಾಯಿ ಮುಚ್ಕಂಡು.