ಮೊಲದ ಎದೆಯ ಹುಳ, ಗಿರಿಯಮ್ಮನ ಕತ್ತರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಪ್ಪ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಗಿರಿಯಮ್ಮ ಕಲ್ಲುಚಪ್ಪಡಿಗೆ ನೀರು ಸುರಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಶೃಂಗೇರಿ ರಸ್ತೆಯಲ್ಲಿ ಲಾರಿಗೆ ಸಿಕ್ಕ ಮೊಲವೊಂದು ಗೋಣಿಯಲ್ಲಿದೆ. ಅರಣ್ಯ ಇಲಾಖೆಯ ವಾಚರ್ ಚೀಟಿ ಸಮೇತ ಬಾಗಿಲಲ್ಲಿಟ್ಟು ಹೋಗಿದ್ದಾನೆ. ಕರೆದಿಲ್ಲ, ನಿಂತಿಲ್ಲ.

ಎದೆಗೂಡು ಬಿಡಿಸಿ ಶ್ವಾಸಕೋಶವನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತುತ್ತಾರೆ. "ಒಳ್ಳೇದಾದ್ರೆ ಸ್ಪಂಜಿನ ಹಾಗಿರ್ತದೆ. ಹುಳ ಇದ್ರೆ ಅಂಚಲ್ಲಿ ಗಟ್ಟಿ. ಕಣ್ಣಿಗಿಂತ ಮೊದ್ಲು ಬೆರಳಿಗೆ ಗೊತ್ತಾಗ್ತದೆ." ಪುಟ್ಟ ಕತ್ತರಿಯಿಂದ ಉಸಿರುನಾಳ ಸೀಳಿದರೆ ಒಳಗೆ ಕೂದಲೆಳೆಯಷ್ಟು ತೆಳುವಾದ ಬಿಳಿ ಹುಳಗಳು. ಅವು ಬಾಟಲಿ ಸೇರಿ, ಎಂಟರ ಬಸ್ಸಿಗೆ ಶಿವಮೊಗ್ಗದ ಲ್ಯಾಬಿಗೆ ಹೊರಡುತ್ತವೆ.

ಹಿರೇಕೊಡಿಗೆಯ ಗಿರಿಯಮ್ಮನಿಗೆ ಈಗ ಐವತ್ತೆರಡು. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಈ ಆಸ್ಪತ್ರೆಗೆ ಬಂದವರು. ಕಾಡುಪ್ರಾಣಿಗಳ ಶ್ವಾಸಕೋಶದ ಹುಳಗಳ ಸಮೀಕ್ಷೆ ಶುರುವಾದಾಗ ಕತ್ತರಿ ಹಿಡಿಯಲು ಯಾರೂ ಒಪ್ಪಲಿಲ್ಲ. ಆಗ ಆಸ್ಪತ್ರೆಯ ಡಾಕ್ಟರ್ ಶ್ರೀನಿವಾಸ ಇವರಿಗೇ ಕಲಿಸಿದರು. ಏಳು ವರ್ಷಗಳಲ್ಲಿ ಇನ್ನೂರ ಹದಿನಾಲ್ಕು ಪ್ರಾಣಿಗಳು ಈ ಚಪ್ಪಡಿ ಮೇಲೆ ಮಲಗಿವೆ. ಮೊಲಗಳೇ ಹೆಚ್ಚು, ಪುನುಗುಬೆಕ್ಕು, ಕಾಡುಹಂದಿಗಳೂ ಉಂಟು.

ಆ ಕೆಲಸ ಹಿಡಿದಲ್ಲಿಂದ ಊರು ಸ್ವಲ್ಪ ಸ್ವಲ್ಪವೇ ದೂರವಾಯಿತು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ಅಕ್ಕ ಸೀತಕ್ಕನ ಮನೆಯ ಮದುವೆಯಲ್ಲಿ ತರಕಾರಿ ಹೆಚ್ಚಲು ಕುಳಿತರೆ, ಯಾರೋ ನಯವಾಗಿ ಈಳಿಗೆಮಣೆ ಎಳೆದುಕೊಂಡರು. "ಬೈದಿದ್ರೆ ಉತ್ತರ ಕೊಡ್ಬಹುದಿತ್ತು," ಎನ್ನುತ್ತಾರೆ ಗಿರಿಯಮ್ಮ. "ನಗ್ತಾ ಎಳ್ಕೊಂಡ್ರು." ಅಂದಿನಿಂದ ಅವರು ಮದುವೆಗಳಿಗೆ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ, 2006ರ ಮಳೆಗಾಲ ಮುಗಿಯುವ ಹೊತ್ತಿಗೆ, ನೆಮ್ಮಾರಿನಲ್ಲಿ ಒಂಬತ್ತು ದಿನದಲ್ಲಿ ಐದು ಮೊಲ ಸತ್ತವು. ಎಲ್ಲವೂ ಸಿಕ್ಕಿದ್ದು ಕೂಲಿ ಕೆಲಸದ ಚೋಮನ ಗುಡಿಸಲ ಹಿಂದೆ ಹುಲ್ಲು ಬೆಳೆದ ಬಯಲು ಹಕ್ಕಲಿನಲ್ಲಿ. ಮಾಂಸದಾಸೆಗೆ ವಿಷ ಇಟ್ಟಿದ್ದಾನೆಂದು ಮಾತು ಹಬ್ಬಿತು. ಕೆಲಸಕ್ಕೆ ಕರೆಯುವುದು ನಿಂತಿತು. ವಾಚರ್ ಮೊಲಗಳನ್ನು ತಂದ ದಿನ ಚೋಮನೂ ಹಿಂದೆಯೇ ಬಂದು ಶೆಡ್ಡಿನ ಹೊರಗೆ ಕುಕ್ಕರುಗಾಲಲ್ಲಿ ಕುಳಿತ.

ಗಿರಿಯಮ್ಮ ಐದನ್ನೂ ಬಿಡಿಸಿದರು. ಐದರ ಎದೆಯಲ್ಲೂ ಹುಳ ತುಂಬಿತ್ತು. ಹೊಟ್ಟೆಯಲ್ಲಿದ್ದದ್ದು ಬರೀ ಹುಲ್ಲು. ವಿಷ ಇಲ್ಲವೆಂದು ಲ್ಯಾಬಿನಿಂದ ಕಾಗದ ಬರಲು ಮೂರು ವಾರ ಹಿಡಿಯಿತು. ಅದು ಬಂದ ಮೇಲಿನ ಮೊದಲ ಭಾನುವಾರವೇ ಅವರು ಕಾಗದವನ್ನೂ ಒಂದು ಬಾಟಲಿಯನ್ನೂ ಹಿಡಿದು ನೆಮ್ಮಾರಿಗೆ ಹೋದರು. ಹೋಗೆಂದು ಯಾರೂ ಹೇಳಿರಲಿಲ್ಲ.

ಅಂಗಡಿಯೆದುರು ಸೇರಿದವರಿಗೆ ಬಾಟಲಿ ತೋರಿಸಿದರು. "ಮಳೇಲಿ ಹುಲ್ಲಿಗೆ ಸಣ್ಣ ಬಸವನಹುಳ ಹತ್ತಿರ್ತದೆ. ಮೊಲ ಹುಲ್ಲಿನ ಜೊತೆ ಅದನ್ನೂ ತಿಂತದೆ. ಅದರೊಳಗಿನ ಮರಿಹುಳ ಮೊಲದ ಎದೇಲಿ ಬೆಳೀತದೆ. ಉಸಿರು ಕಟ್ಟಿ ಸಾಯ್ತದೆ. ಇದ್ರಲ್ಲಿ ಚೋಮ ಎಂತ ಮಾಡಿದ ಮಾರಾಯ್ರೆ?"

ಚೋಮ ಕೂಲಿಗೆ ಹೋಗುತ್ತಿದ್ದ ತೋಟದ ಯಜಮಾನ ಪರಮೇಶ್ವರಪ್ಪ ಕಾಗದವನ್ನು ಎರಡು ಸಲ ಓದಿ, "ನಾಳೆಯಿಂದ ಬಾ," ಎಂದು ಚೋಮನಿಗೆ ಹೇಳಿದರು. ಗಿರಿಯಮ್ಮನಿಗೆ ಯಾರೂ ಒಂದು ಲೋಟ ನೀರು ಕೊಡಲಿಲ್ಲ. ರಸ್ತೆಯವರೆಗೆ ಬಂದವನು ಚೋಮ ಒಬ್ಬನೇ. "ಅಕ್ಕ, ನೀವು ಬರದೇ ಇದ್ದಿದ್ರೆ ನಾನು ಊರು ಬಿಡ್ಬೇಕಿತ್ತು," ಎಂದನಂತೆ. ಬಸ್ಸು ಬರುವವರೆಗೂ ನಿಂತಿದ್ದ.

ಮೊಲದ ಕೆಲಸ ಮುಗಿದಿದೆ. ಚಪ್ಪಡಿ ತೊಳೆಯುತ್ತಲೇ, ಏನಾದರೂ ಆಸೆಯಿದೆಯೇ ಎಂಬ ಪ್ರಶ್ನೆಗೆ ಗಿರಿಯಮ್ಮ ಉತ್ತರಿಸುತ್ತಾರೆ.

"ಮೊಲ ಓಡಿ ಹೋಗೋದು ನೋಡಿದ್ದೀನಿ. ಕೂತಿದ್ದು ನೋಡಿಲ್ಲ. ಒಂದ್ಸಲ ದೂರದಿಂದಾದ್ರೂ ಸೈ, ಕೂತು ಹುಲ್ಲು ತಿಂತಾ ಇರ್ಬೇಕು, ಉಸಿರಿಗೆ ಪಕ್ಕೆ ಮೇಲೆ ಕೆಳಗೆ ಆಡ್ತಾ ಇರ್ಬೇಕು. ಅಷ್ಟು ನೋಡಿದ್ರೆ ಸಾಕು."