ಧೋತರದ ಗಂಟು

ಮಂತ್ರ, ತಾಯಿತ, ದೃಷ್ಟಿ ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ನಿಜಾಮರ ಕಾಲದಲ್ಲಿ ಸೇಡಂನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ, ಕನ್ನಡಕ್ಕೆ ಉಳಿದದ್ದು ರವಿವಾರದ ಸಂಜೆ ನಮ್ಮ ಮನೆಯ ಪಡಸಾಲೆ ಮಾತ್ರ. ಅಲ್ಲಿ ನಾಲ್ಕು ಜನ ಸೇರಿ ತಾವು ಬರೆದದ್ದನ್ನು ಓದುತ್ತಿದ್ದೆವು. ಗ್ರಹಣ ಯಾಕೆ ಹಿಡಿಯುತ್ತದೆ, ಗುಡುಗು ಯಾಕೆ ಬರುತ್ತದೆ ಎಂದು ನಾನು ಓದಿದರೆ ಎಲ್ಲರೂ ಆಕಳಿಸುವರು. ಅರಿವೆ ಅಂಗಡಿಯ ಶಿವಲಿಂಗಪ್ಪ ದೆವ್ವದ ಕಥೆ ಓದಿದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಕೈ ನಿಲ್ಲುತ್ತಿತ್ತು. ಹೊಟ್ಟೆಕಿಚ್ಚು ಎನ್ನಿ, ಅಲ್ಲವೆನ್ನುವುದಿಲ್ಲ, ಈಗಲೂ ಇದೆ.

ಒಂದು ಬೇಸಿಗೆಯ ಸಂಜೆ ಹಿತ್ತಲಿನಲ್ಲಿ ಹಾಸಿದ್ದ ಪರಸಿಕಲ್ಲು ಸರಿಸುವಾಗ ನನ್ನ ಹೆಂಡತಿಗೆ ಚೇಳು ಕಡಿಯಿತು. ಉರಿ ಬೆರಳಿನಿಂದ ಭುಜದವರೆಗೆ ಏರಿತು. ನನ್ನ ತಾಯಿಯನ್ನು ಅವಳ ಹತ್ತಿರ ಕೂರಿಸಿ ದವಾಖಾನೆಗೆ ಓಡಿದೆ. ಡಾಕ್ಟರು ದೌರೆಯ ಮೇಲೆ ಬೇರೆ ಊರಿಗೆ ಹೋಗಿದ್ದರು. ತಿರುಗಿ ಬರುವಾಗ ಶಿವಲಿಂಗಪ್ಪ ಅಂಗಡಿಯಿಂದಲೇ ಕೂಗಿ ವಿಷಯ ಕೇಳಿದ. ಅವನಿಗೆ ಅಜ್ಜನಿಂದ ಬಂದ ಚೇಳಿನ ಮಂತ್ರ ಗೊತ್ತಿತ್ತು. ಅದರ ಪದ್ಧತಿಯೇ ಬೇರೆ: ಕಡಿಸಿಕೊಂಡವರ ಬಳಿ ಹೋಗಬೇಕಿಲ್ಲ, ಸುದ್ದಿ ತಂದವರ ಬಟ್ಟೆಗೆ ಗಂಟು ಹಾಕಿದರೆ ಅಲ್ಲಿ ವಿಷ ಇಳಿಯುತ್ತದಂತೆ. ನಾನು ಬೇಡವೆನ್ನುವಷ್ಟರಲ್ಲಿ ನನ್ನ ಧೋತರದ ಚುಂಗು ಹಿಡಿದು, ಏನೋ ಗುಣುಗುಣಿಸಿ ಗಂಟು ಹಾಕಿಬಿಟ್ಟ.

“ಮನಿ ಮುಟ್ಟೋತನಕ ಬಿಚ್ಚಬ್ಯಾಡ್ರಿ ಮಾಸ್ತರ್ರ,” ಎಂದ.

ಅಂಗಡಿ ಮರೆಯಾಗುತ್ತಲೇ ಬಿಚ್ಚಿದೆ. ಅವಳ ನೋವು ಇವನ ಕೈಯಿಂದ ಇಳಿಯುವುದು ನನಗೆ ಬೇಕಿರಲಿಲ್ಲ.

ಮನೆಗೆ ಬಂದರೆ ಅವಳು ಗೋಡೆಗೆ ಒರಗಿ ಆರಾಮಾಗಿ ಕೂತಿದ್ದಳು. ಗಂಟು ಬಿಚ್ಚಿದರೂ ಉರಿ ಇಳಿದಿತ್ತು! ಇನ್ನು ಮಂತ್ರದ ಬಣ್ಣ ಬಯಲಾಯಿತೆಂದು ಹಿಗ್ಗಿ ಶಿವಲಿಂಗಪ್ಪನ ಹೆಸರೆತ್ತಿದೆ.

“ಅವ್ರು ಈಗೇ ಬಂದು ಹೋದ್ರಲ್ರಿ,” ಎಂದಳು. “ಬಾಗಿಲ್ದಾಗ ನಿಂತು, ಇಳೀತದ ಅಳಬ್ಯಾಡ್ರಿ ಅಂದ್ರು. ಆವಾಗಿಂದ ಉರಿನೇ ಇಲ್ಲ.”

ಪಕ್ಕದಲ್ಲೇ ಕೂತಿದ್ದ ತಾಯಿ ಯಾರನ್ನೂ ಕಂಡಿರಲಿಲ್ಲ. ನಾನು ಬಿರಬಿರನೆ ಮತ್ತೆ ಅಂಗಡಿಗೆ ನಡೆದೆ. ಶಿವಲಿಂಗಪ್ಪ, ನಾನು ಮೊದಲು ಬಂದಾಗಲೂ ಅಲ್ಲೇ ಇದ್ದ ಮುದುಕಿಯೊಬ್ಬಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ನಾನು ಹೋದಾಗಿನಿಂದ ಅವನು ಕೂತ ಜಾಗ ಬಿಟ್ಟು ಎದ್ದಿಲ್ಲವೆಂದು ಆ ಮುದುಕಿಯೇ ಹೇಳಿದಳು.

ಚೇಳಿನ ವಿಷ ಒಮ್ಮೊಮ್ಮೆ ತಾನಾಗಿಯೇ ಇಳಿಯುತ್ತದೆ, ನೋವಿನಲ್ಲಿ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ. ಅಷ್ಟು ನಾನೂ ಬಲ್ಲೆ. ಆದರೆ ಅವಳಿಗಾಗಿ ಊರೆಲ್ಲ ಓಡಿದವನು ನಾನು. ಇಲ್ಲದವರೇ ಕಾಣುವುದಿದ್ದರೆ, ಆ ಬಾಗಿಲಲ್ಲಿ ನಾನೇಕೆ ಕಾಣಲಿಲ್ಲ?