ಟಮಾಟಿ ಇಲ್ಲದ ಕೆಂಪು ಗೊಜ್ಜು

ಶಾವಿಗೆ ಹೊಸೆಯುವುದರಲ್ಲಿ ಹೊರ್ತಿಯ ಕಸ್ತೂರೆವ್ವನಿಗೆ ಒಳ್ಳೆಯ ಹೆಸರಿತ್ತು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ತಮ್ಮ ತಮ್ಮ ಮನೆಯ ಗೋದಿ ಹಿಟ್ಟು ನಾದಿಕೊಂಡು ಅವಳ ಪಡಸಾಲೆಗೆ ಬರುತ್ತಿದ್ದರು. ಹೊರಸು ಮಂಚಕ್ಕೆ ಶಾವಿಗೆ ಮಣೆ ಆನಿಸಿ, ಅದರ ಮೇಲೆ ಕುದುರೆ ಏರಿದಂತೆ ಕುಳಿತು ಅವಳು ಅಂಗೈಯಿಂದ ಹಿಟ್ಟು ತೀಡಿದರೆ ಎಳೆ ಎಲ್ಲಿಯೂ ಹರಿಯದೆ ಕೆಳಗಿಳಿಯುತ್ತಿತ್ತು. ಕೆಳಗೆ ಕುಳಿತವರು ಅದನ್ನು ಕೋಲಿಗೆ ಸುತ್ತಿಕೊಂಡು ಬಿಸಿಲಿಗೆ ಒಯ್ಯುತ್ತಿದ್ದರು.

ಉಳಿದವರ ಮನೆಗಳಲ್ಲಿ ಬಸಿದ ಶಾವಿಗೆಗೆ ಬೆಲ್ಲ, ಹಾಲು. ಕಸ್ತೂರೆವ್ವನ ಮನೆಯಲ್ಲಿ ಖಾರದ ಗೊಜ್ಜು. ಮೆತ್ತಗಾದ ಟೊಮೆಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಮಸಾಲೆ ಖಾರ ಹಾಕಿ, ಮಂದಗಾಗುವ ತನಕ ಕುದಿಸಿ ಬಿಸಿ ಶಾವಿಗೆಯ ಮೇಲೆ ಸುರಿಯುತ್ತಿದ್ದಳು. ಕುರಿ ಕಾಯ್ದು ದಣಿದು ಬಂದ ಗಂಡ ಕಾಳಪ್ಪ ಎರಡನೆಯ ಸಲ ತಾಟು ಮುಂದೆ ಮಾಡುತ್ತಿದ್ದ.

ಅವರಿಗೆ ಒಬ್ಬಳೇ ಮಗಳು, ಸೀತವ್ವ. ಅವಳು ದೊಡ್ಡವಳಾಗುವ ಹೊತ್ತಿಗೆ ಒಂದು ವಿಚಿತ್ರ ಕಾಣಿಸಿಕೊಂಡಿತು. ಗೊಜ್ಜು ಉಂಡ ಮೇಲೆ ತುಟಿ ತುರಿಸುತ್ತಿತ್ತು. ಮೊದಮೊದಲು ಖಾರ ಹೆಚ್ಚಾಗಿದೆ ಎಂದುಕೊಂಡರು. ಖಾರ ಕಡಿಮೆ ಮಾಡಿದರೂ ತುರಿಕೆ ನಿಲ್ಲಲಿಲ್ಲ. ಕುತ್ತಿಗೆಯ ಮೇಲೆ ದದ್ದು ಏಳತೊಡಗಿದವು. ಆಮೇಲೊಂದು ದಿನ ಉಣ್ಣುತ್ತಿದ್ದಂತೆಯೇ ತುಟಿ ಬಾತು, ಕಣ್ಣು ಮುಚ್ಚಿಹೋಗುವಷ್ಟು ಮುಖ ಉಬ್ಬಿತು. ಕಾಳಪ್ಪ ಅವಳನ್ನು ಗಾಡಿಯಲ್ಲಿ ಹಾಕಿಕೊಂಡು ಇಂಡಿ ಊರಿನ ದವಾಖಾನೆಗೆ ಹೊಡೆದ.

ಡಾಕ್ಟರು ಏನೇನು ಉಂಡಿದ್ದಳೆಂದು ಒಂದೊಂದಾಗಿ ಕೇಳಿದರು. ಸೂಜಿ ಮಾಡಿ ಬಾವು ಇಳಿಸಿದ ಮೇಲೆ ಕಸ್ತೂರೆವ್ವನನ್ನು ಕರೆದು, "ನಿಮ್ಮ ಹುಡುಗಿಗೆ ಟಮಾಟಿ ಆಗಂಗಿಲ್ಲವ್ವ. ಒಂದು ಹನಿನೂ ಕೊಡಬ್ಯಾಡ್ರಿ," ಎಂದರು.

"ಯಾವ ಔಷಧ ತಗೊಂಡ್ರ ಹೋಗ್ತೈತ್ರಿ ಇದು?"

"ಹೋಗೂದಿಲ್ಲ. ತಿನ್ನದಂಗ ಇರೂದ ಔಷಧ."

ಕಸ್ತೂರೆವ್ವನಿಗೆ ಇದು ಅರ್ಥವಾಗಲಿಲ್ಲ. ಜ್ವರ ಬಂದರೆ ಹೋಗುತ್ತದೆ, ಚೇಳು ಕಡಿದರೂ ವಿಷ ಇಳಿಯುತ್ತದೆ. ಎಲ್ಲರೂ ಉಣ್ಣುವ ಹಣ್ಣು ಒಬ್ಬಳಿಗೆ ಮಾತ್ರ ವಿಷ, ಅದೂ ಸಾಯುವ ತನಕ ಎಂದರೆ ಯಾರನ್ನು ಬೈಯಬೇಕು? ಮನೆಗೆ ಬಂದವಳೇ ಹಿತ್ತಲಿನ ಟೊಮೆಟೊ ಗಿಡಗಳನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದಳು.

ಆದರೆ ಸೀತವ್ವನಿಗೆ ಬಾಯಿ ರುಚಿ ಹತ್ತಿಬಿಟ್ಟಿತ್ತು. ಶಾವಿಗೆಗೆ ಹಾಲು ಹಾಕಿ ಕೊಟ್ಟರೆ ತಾಟು ಸರಿಸುತ್ತಿದ್ದಳು. "ಯವ್ವಾ, ಆ ಗೊಜ್ಜು ಮಾಡಬೇ. ಟಮಾಟಿ ಬಿಟ್ಟು ಮಾಡು," ಎಂದು ಬೆನ್ನು ಹತ್ತಿದಳು. ಟೊಮೆಟೊ ಬಿಟ್ಟರೆ ಅದರಲ್ಲಿ ಉಳಿಯುವುದಾದರೂ ಏನು ಎಂದು ಕಸ್ತೂರೆವ್ವನಿಗೆ ಅಳು ಬರುತ್ತಿತ್ತು.

ದಾರಿ ತೋರಿಸಿದವಳು ಓಣಿಗೆ ಕಾಯಿಪಲ್ಯದ ಬುಟ್ಟಿ ತರುತ್ತಿದ್ದ ಜೈತುನಬಿ. "ಗಜ್ಜರಿ ಕುದಿಸಿ ರುಬ್ಬಿ ನೋಡಬೇ ಅಕ್ಕಾ. ಬಣ್ಣ ಅರ ಬರ್ತೈತಿ," ಎಂದಳು. ಗಜ್ಜರಿ ಎಂದರೆ ಕ್ಯಾರೆಟ್ಟು; ರುಬ್ಬಿ ನೋಡಿದಾಗ ಬರೀ ಸಿಹಿ. ಹುಣಸೆರಸ ಹಾಕಿದರೆ ಹುಳಿ ಬಂತು, ಬಣ್ಣ ಕಂದಾಯಿತು. ಕುಂಬಳಕಾಯಿ ಸೇರಿಸಿದಾಗ ಗೊಜ್ಜು ಮಂದಗಾಯಿತು, ಆದರೆ ನೋಡಲು ಬೇಳೆ ಕಟ್ಟಿನಂತೆ ಹಳದಿ. ಜೈತುನಬಿ ಬಿಜಾಪುರದ ಬಜಾರಿನಿಂದ ಬೀಟರೂಟ ತಂದುಕೊಟ್ಟಳು. ಅದು ಹೆಚ್ಚಾದ ದಿನ ಗೊಜ್ಜು ನೇರಳೆ ಬಣ್ಣಕ್ಕೆ ತಿರುಗಿ ಕಾಳಪ್ಪ, "ಇದನ್ನ ಕುರಿಗೆ ಬಣ್ಣ ಹಚ್ಚಾಕ ಇಡು," ಎಂದು ನಕ್ಕ. ಕೊನೆಗೆ ಹುಣಸೆಯನ್ನು ಬಿಟ್ಟು, ಗಡಿಗೆ ಇಳಿಸಿದ ಮೇಲೆ ಲಿಂಬೆ ಹಿಂಡತೊಡಗಿದಳು. ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಟ್ಟು ರುಬ್ಬಿದಳು. ಬೀಟರೂಟ ಬರೀ ಒಂದು ಹೋಳು. ಆವತ್ತು ಸೀತವ್ವ ಒಂದು ತುತ್ತು ಉಂಡು, ಹೆದರಿ ಕೈ ತೆಗೆದು, "ಯವ್ವಾ, ಟಮಾಟಿ ಹಾಕಿಯೇನು?" ಎಂದಳು. ಕಸ್ತೂರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳಿಗೆ ಅಷ್ಟು ಹಿಗ್ಗು ಮತ್ತೆಂದೂ ಆಗಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಸೀತವ್ವನನ್ನು ಮುದ್ದೇಬಿಹಾಳದ ಆಚೆ, ಕೃಷ್ಣಾ ದಂಡೆಯ ತಂಗಡಗಿಗೆ ಕೊಟ್ಟರು. ಅಳಿಯ ಸೋಮನಿಂಗ ಮೆತ್ತನೆಯ ಮನುಷ್ಯ. ಅವನ ತಾಯಿ ಶಂಕ್ರೆವ್ವ ಕೆಟ್ಟವಳಲ್ಲ, ಆದರೆ ಕಣ್ಣಿಂದ ನೋಡದ್ದನ್ನು ನಂಬುವವಳೂ ಅಲ್ಲ. ಮದುವೆಯ ಮಾತುಕತೆಯಲ್ಲಿಯೇ ಕಸ್ತೂರೆವ್ವ ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಆಗ ಶಂಕ್ರೆವ್ವ, "ಆತು ಬಿಡ್ರಿ ಅಕ್ಕಾರ, ರೊಟ್ಟಿ ಮೊಸರು ಉಣ್ತಾಳ," ಎಂದಿದ್ದಳು. ಹೊಳೆಯ ಬದಿಯ ಹೊಲದಲ್ಲಿ ಟೊಮೆಟೊ ಬೆಳೆಯುವ ಮನೆ. ದಿನವೂ ಸಾರಿಗೆ ಅದು ಬೇಕೇ ಬೇಕು. ಸೊಸೆ ಮಾತ್ರ ಮೂಲೆಯಲ್ಲಿ ಮಜ್ಜಿಗೆ ಉಣ್ಣುವುದು ನೋಡಿ ನೋಡಿ ಅತ್ತೆಗೂ ಬೇಸರ ಬಂತು.

ಒಮ್ಮೆ ಕಸ್ತೂರೆವ್ವ ಮಗಳನ್ನು ನೋಡಲು ಹೋದಾಗ ಶಂಕ್ರೆವ್ವ ಹೇಳಿಯೇ ಬಿಟ್ಟಳು. "ತಪ್ಪ ತಿಳಕೋಬ್ಯಾಡ್ರಿ. ಟಮಾಟಿ ಉಂಡ್ರ ಮಾರಿ ಬಾಯೂದು ನಾ ಎಲ್ಲೂ ಕೇಳಿಲ್ಲ. ನಮ್ಮ ಮನಿ ಊಟ ಸೊಸಿಗೆ ಸೇರೂದಿಲ್ಲ ಅಂತ ಮಂದಿ ಆಡ್ಕೋತಾರ."

ಕಸ್ತೂರೆವ್ವ ವಾದಿಸಲಿಲ್ಲ. ಬೀಗರ ಮನೆಯಲ್ಲಿ ಎಷ್ಟು ಮಾತಾಡಬೇಕೆಂದು ಅವಳಿಗೆ ಗೊತ್ತಿತ್ತು. ಆ ದಿನ ಹಿತ್ತಲಿನ ಒಲೆಯ ಮುಂದೆ ಕುಳಿತು ಮಗಳಿಗೆ ಗೊಜ್ಜು ಮಾಡುವುದನ್ನು ಕಲಿಸಿದಳು. "ಬಣ್ಣ ಅವರ ಸಾರಿನಂಗ ಇರಬೇಕು ನೋಡು. ಎಲ್ಲಾರ ಕೂಡ ಕುಂತಾಗ ನಿನ್ನ ತಾಟ ಬ್ಯಾರೆ ಕಾಣಬಾರದು," ಎಂದು ಮತ್ತೆ ಮತ್ತೆ ಹೇಳಿದಳು. ಅಂದಿನಿಂದ ಸೀತವ್ವ ಎಲ್ಲರ ಸಾಲಿನಲ್ಲಿ ಕುಳಿತು ಉಣ್ಣತೊಡಗಿದಳು. ಬಂದ ನೆಂಟರು ವ್ಯತ್ಯಾಸ ತಿಳಿಯದೆ ಉಂಡು ಎದ್ದು ಹೋಗುತ್ತಿದ್ದರು. ಶಂಕ್ರೆವ್ವನ ಮುಖವೂ ತಿಳಿಯಾಯಿತು.

ಮರುವರ್ಷ ಸೀತವ್ವ ಬಸುರಿಯಾದಳು. ಕುಬಸದ ಕಾರ್ಯ ತಂಗಡಗಿಯಲ್ಲಿ ನಿಗದಿಯಾಯಿತು. ತವರಿನವರು ಹಸಿರು ಸೀರೆ, ಬಳೆ, ಬುತ್ತಿ ತಂದು ಉಡಿ ತುಂಬುವ ದಿನ. "ನಿಮ್ಮ ಕೈಯಾನ ಶಾವಿಗಿ ಊರಾಗ ಎಲ್ಲಾರೂ ಉಣ್ಣಲಿ," ಎಂದು ಶಂಕ್ರೆವ್ವನೇ ಹೇಳಿ ಕಳಿಸಿದ್ದಳು. ಕಸ್ತೂರೆವ್ವ ಶಾವಿಗೆಯ ಗಂಟು ಹೊತ್ತು, ಬಿಜಾಪುರದಲ್ಲಿ ಬಸ್ಸು ಬದಲಿಸಿ, ಗಂಡನೊಂದಿಗೆ ಮುನ್ನಾದಿನವೇ ಬಂದಿಳಿದಳು.

ಬೆಳಿಗ್ಗೆ ಹಿತ್ತಲಿನಲ್ಲಿ ಎರಡು ಒಲೆ ಹೂಡಿದಳು. ಒಂದರ ಮೇಲೆ ಮಂದಿಗೆಲ್ಲ ಟೊಮೆಟೊ ಗೊಜ್ಜಿನ ದೊಡ್ಡ ಬೋಗಾಣಿ. ಇನ್ನೊಂದರ ಮೇಲೆ ಮಗಳ ಸಣ್ಣ ಗಡಿಗೆ. ಒಂದರ ಸೌಟು ಇನ್ನೊಂದಕ್ಕೆ ತಾಗದಂತೆ ಬೇರೆ ಬೇರೆ ಕಡೆ ಇಟ್ಟಳು. ಕೆಲಸಕ್ಕೆ ಬಂದ ಹೆಂಗಸರಿಗೆಲ್ಲ, "ಈ ಗಡಿಗಿ ಮುಟ್ಟಬ್ಯಾಡ್ರೆವಾ," ಎಂದು ಹೇಳಿ, ಗಡಿಗೆಯ ಬಾಯಿಗೆ ತಾಟು ಮುಚ್ಚಿದಳು. ಮಧ್ಯಾಹ್ನದ ತನಕ ಅಲ್ಲಿಂದ ಏಳಲಿಲ್ಲ.

ಉಡಿ ತುಂಬುವ ಹೊತ್ತಾಯಿತೆಂದು ಒಳಗಿನಿಂದ ಕರೆ ಬಂತು. ಅದನ್ನು ಹೆತ್ತವಳೇ ಮಾಡಬೇಕು. ಕಸ್ತೂರೆವ್ವ ಕೈ ತೊಳೆದು ಒಳಗೆ ಹೋದಳು.

ಅದೇ ಹೊತ್ತಿಗೆ ಬಸವನ ಬಾಗೇವಾಡಿಯಿಂದ ಸೋಮನಿಂಗನ ಸೋದರತ್ತೆ ಲಕ್ಕವ್ವ ಬಂದಳು. ಬಸ್ಸು ತಡವಾಗಿತ್ತು. ಕೈ ಕಟ್ಟಿಕೊಂಡು ಕೂಡುವ ಹೆಂಗಸಲ್ಲ ಅವಳು. ಸೆರಗು ಸಿಕ್ಕಿಸಿಕೊಂಡು ನೇರವಾಗಿ ಹಿತ್ತಲಿಗೆ ಹೋದಳು. "ಸಣ್ಣ ಗಡಿಗ್ಯಾಗ ಏನೈತಿ?" ಎಂದು ಕೇಳಿದಾಗ ಯಾರೋ, "ಸೀತವ್ವಂದು," ಎಂದರು. ಅಷ್ಟೇ ಹೇಳಿ ಉಡಿ ತುಂಬುವುದನ್ನು ನೋಡಲು ಒಳಗೆ ಹೋದರು. ಮುಚ್ಚಿದ ತಾಟು ತೆಗೆದು ನೋಡಿದಳು. ಕೆಂಡದ ಕಾವಿಗೆ ಗೊಜ್ಜು ಇಂಗಿ ತಳ ಸೇರಿತ್ತು. ಬಸುರಿ ಹುಡುಗಿಯ ಪಾಲು ಇಷ್ಟೇ ಏನು ಎಂದು ಲಕ್ಕವ್ವನಿಗೆ ಕನಿಕರ ಬಂತು. ಬೋಗಾಣಿಯಿಂದ ಎರಡು ಸೌಟು ತುಂಬಿ ಗಡಿಗೆಗೆ ಹಾಕಿ, ಕಲಕಿ, ಮತ್ತೆ ಮುಚ್ಚಿಟ್ಟಳು.

ಉಡಿ ತುಂಬಿದ ಮೇಲೆ ಕಸ್ತೂರೆವ್ವ ತಾನೇ ಹೋಗಿ ಮಗಳ ತಾಟಿಗೆ ಶಾವಿಗೆ ಬಡಿಸಿ, ಆ ಗಡಿಗೆಯ ಗೊಜ್ಜು ಹಾಕಿಕೊಂಡು ಬಂದಳು. ಯಾವಾಗಿನಂತೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಸರಿಯಾಗಿಯೇ ಇತ್ತು. ಹೊಸ ಹಸಿರು ಸೀರೆ ಉಟ್ಟು, ಮಣೆಯ ಮೇಲೆ ಕುಳಿತಿದ್ದ ಸೀತವ್ವ ಮೆಲ್ಲಗೆ ಕೇಳಿದಳು.

"ಯವ್ವಾ, ನಿನ್ನ ಗಡಿಗಿದ ಹೌದಲ್ಲ?"

"ನಂದ ಐತಿ ಮಗಳ. ಉಣ್ಣು," ಎಂದು ಮೊದಲ ತುತ್ತನ್ನು ತನ್ನ ಕೈಯಾರೆ ಬಾಯಿಗಿಟ್ಟಳು.

ಎರಡನೆಯ ತುತ್ತಿಗೆ ಸೀತವ್ವ ತಾಯಿಯ ಮುಂಗೈ ಹಿಡಿದಳು. ತುಟಿ ಆಗಲೇ ದಪ್ಪಗಾಗುತ್ತಿತ್ತು. ಏನೋ ಹೇಳಲು ಹೋದಳು, ಮಾತು ಹೊರಡಲಿಲ್ಲ. ಎದೆಯಿಂದ ಸೀಟಿ ಊದಿದಂಥ ಸದ್ದು ಬಂತು. ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲಿಸಿದರು.

ರಸ್ತೆಯಲ್ಲಿ ಉಳ್ಳಾಗಡ್ಡಿ ತುಂಬಿದ ಲಾರಿಯೊಂದು ನಿಂತಿತ್ತು. ಸೋಮನಿಂಗ ಹೆಂಡತಿಯನ್ನು ಎತ್ತಿಕೊಂಡು ಓಡಿದ. ಮುಂದಿನ ಸೀಟಿನಲ್ಲಿ ಅವಳನ್ನು ಮಡಿಲಲ್ಲಿ ಹಾಕಿಕೊಂಡು ಅವನು ಕುಳಿತ. ಪಕ್ಕದಲ್ಲಿ ಶಂಕ್ರೆವ್ವ ತುರುಕಿಕೊಂಡಳು. ಕಸ್ತೂರೆವ್ವ ಬಾಗಿಲು ಹಿಡಿದು, "ನಾನೂ ಬರ್ತೇನಿ, ನಾನೂ ಬರ್ತೇನಿ," ಎಂದು ಕೂಗುತ್ತಲೇ ಇದ್ದಳು. ಒಳಗೆ ಜಾಗವಿರಲಿಲ್ಲ. ಯಾರೋ ಅವಳ ಕೈ ಬಿಡಿಸಿದರು. ಲಾರಿ ಮುದ್ದೇಬಿಹಾಳದ ಕಡೆ ಹೋಯಿತು. ಕಾಳಪ್ಪ ಬಂದು ಹೆಗಲು ಮುಟ್ಟಿದರೂ ಅವಳು ರಸ್ತೆ ಬಿಟ್ಟು ಕದಲಲಿಲ್ಲ. ಕೈಗೆ ಮೆತ್ತಿದ್ದ ಗೊಜ್ಜು ಒಣಗಿ ಬೆರಳು ಅಂಟುತ್ತಿದ್ದವು. ನನ್ನ ಗಜ್ಜರಿಯಲ್ಲಿ, ನನ್ನ ಕುಂಬಳಕಾಯಿಯಲ್ಲಿ ಏನು ಬಂತು ಎಂದು ಅವಳು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದಳು.

ಹಿಂದಿನಿಂದ ಲಕ್ಕವ್ವನ ಅಳು ಕೇಳಿಸಿತು. ಅಷ್ಟರಲ್ಲಿ ಯಾರೋ ಅವಳಿಗೆ ವಿಷಯ ಹೇಳಿದ್ದರು. ಅವಳು ಬಂದು ರಸ್ತೆಯ ಮಣ್ಣಿನಲ್ಲಿಯೇ ಕುಳಿತು, "ನಾ ಹಾಕಿದೆನ್ರೀ ಅಕ್ಕಾರ. ಕಡಿಮಿ ಐತಿ ಅಂತ ನಾ ಹಾಕಿದೆ. ನನ್ನ ಹೊಡೀರಿ," ಎಂದಳು.

ಕಸ್ತೂರೆವ್ವ ಅವಳ ಎದುರಿಗೆ ಮಣ್ಣಿನಲ್ಲಿ ಕುಳಿತಳು. "ನಾನೂ ರುಚಿ ನೋಡಿದ್ನೆವಾ," ಎಂದಳು. "ನನಗ ಗೊತ್ತಾಗಲಿಲ್ಲ. ನಿನಗ ಹ್ಯಾಂಗ ಗೊತ್ತಾಗಬೇಕು?"

ಮುಂದಿನ ಬಸ್ಸಿಗೆ ಅವರು ಮುದ್ದೇಬಿಹಾಳಕ್ಕೆ ಹೋಗಿ ಮುಟ್ಟಿದಾಗ ಸೀತವ್ವನಿಗೆ ಸೂಜಿ ಮಾಡಿ ಮಲಗಿಸಿದ್ದರು. ಉಸಿರು ಹಗುರಾಗಿತ್ತು. ಹೊಟ್ಟೆಯಲ್ಲಿದ್ದ ಕೂಸು ಮಿಸುಕುತ್ತಿದೆ ಎಂದು ನರ್ಸಮ್ಮ ಹೇಳಿದಳು. ಶಂಕ್ರೆವ್ವ ಮಂಚದ ಕೆಳಗೆ ನೆಲದ ಮೇಲೆ ಕುಳಿತಿದ್ದಳು. ಬೀಗತಿಯನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದಳು. "ಲಾರ್‍ಯಾಗ ನನ್ನ ಮಡಲಾಗ ಕಾಲ ಇಟ್ಟಿದ್ಲು. ಕಾಲ ತಣ್ಣಗಾಗಾಕತ್ತಿದ್ವು ಅಕ್ಕಾರ. ನಾ ನಂಬಿರಲಿಲ್ಲ," ಎಂದು ಬಿಕ್ಕಿದಳು. ಊರಿಗೆ ಮರಳಿದ ಮೇಲೆ ಅವಳು ಮನೆಯೊಳಗೆ ಟೊಮೆಟೊ ತರುವುದನ್ನೇ ನಿಲ್ಲಿಸಿದಳು. ಬೆಳೆದದ್ದು ಹೊಲದಿಂದ ನೇರವಾಗಿ ಸಂತೆಗೆ ಹೋಗುತ್ತಿತ್ತು.

ಸೀತವ್ವ ಹೆರಿಗೆಗೆಂದು ಹೊರ್ತಿಗೆ ಬಂದಳು. ಎಲ್ಲ ಸರಿಹೋಯಿತೆಂದು ಕಸ್ತೂರೆವ್ವ ಅಂದುಕೊಂಡಿದ್ದಳು. ಮೊದಲ ದಿನವೇ ಮಗಳು ಕೆಂಪು ಗೊಜ್ಜು ನೋಡಿ ತಾಟು ಸರಿಸಿದಳು. ಅದು ಸಹಜವೇ ಎಂದುಕೊಂಡು ತಾಯಿ ಬೀಟರೂಟ ಬಿಟ್ಟು, ಗಜ್ಜರಿ ಬಿಟ್ಟು, ಬರೀ ಬೆಳ್ಳುಳ್ಳಿ ಮೊಸರಿನ ಬಿಳಿ ಗೊಜ್ಜು ಮಾಡಿದಳು. ಪುಂಡಿ ಸೊಪ್ಪಿನ ಹಸಿರು ಗೊಜ್ಜು ಮಾಡಿದಳು. ಮಗಳ ಎದುರಿಗೇ ಸೊಪ್ಪು ಹೆಚ್ಚಿ, ಎದುರಿಗೇ ಕುದಿಸಿದಳು. ಸೀತವ್ವ ತುತ್ತು ಮಾಡಿ ತುಟಿಯ ತನಕ ತಂದು, ಬೆವೆತು, ಮತ್ತೆ ತಾಟಿಗೆ ಇಡುತ್ತಿದ್ದಳು.

"ನಿನ್ನ ಮ್ಯಾಲ ಸಿಟ್ಟಿಲ್ಲಬೇ ಯವ್ವಾ," ಎಂದಳೊಂದು ದಿನ. "ಮನಸ್ಸು ಉಣ್ಣಂತೈತಿ. ಗಂಟಲ ಕೇಳೂದಿಲ್ಲ."

ರೊಟ್ಟಿಯನ್ನು ತಾನೇ ಬಡಿದುಕೊಂಡು, ತಾನೇ ಕಾಯಿಸಿದ ಹಾಲಿನಲ್ಲಿ ಮುರಿದು ಹಾಕಿ ಉಣ್ಣುತ್ತಿದ್ದಳು. ತುಂಬಿದ ಬಸುರಿ ಒಲೆಯ ಮುಂದೆ ಕಷ್ಟಪಟ್ಟು ಕುಳಿತು ರೊಟ್ಟಿ ಬಡಿಯುವಾಗ ಕಸ್ತೂರೆವ್ವ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು. ಸಹಾಯಕ್ಕೆ ಹೋದರೆ ಮಗಳು ಬೇಡವೆನ್ನುತ್ತಿರಲಿಲ್ಲ. ಆದರೆ ತಾಯಿ ಬಡಿದ ರೊಟ್ಟಿ ಹಾಗೆಯೇ ಉಳಿಯುತ್ತಿತ್ತು. ದೇವರಿಗೆ ಹರಕೆ ಹೊತ್ತಳು, ದೃಷ್ಟಿ ತೆಗೆದಳು. ಇಂಡಿಯ ಡಾಕ್ಟರ ಬಳಿಗೂ ಹೋಗಿ ಕೇಳಿದಳು. "ಹೆದರಿಕಿ ಐತಿ. ತಾನ ಹೋಗಬೇಕು," ಎಂದರು ಅವರು.

ಹೆಣ್ಣು ಕೂಸು ಹುಟ್ಟಿತು. ಸಣ್ಣದಾಗಿತ್ತು, ಆದರೆ ಗಟ್ಟಿಯಾಗಿ ಅತ್ತಿತು, ಬದುಕಿತು. ತೊಟ್ಟಿಲು ಕಾರ್ಯ ಮುಗಿಸಿ ಸೀತವ್ವ ತಂಗಡಗಿಗೆ ಮರಳಿದಳು. ಅಲ್ಲಿಯೂ ಅವಳ ಅಡುಗೆ ಅವಳದೇ. ಶಂಕ್ರೆವ್ವ ಅವಳಿಗೊಂದು ಬೇರೆ ಒಲೆ ಹೂಡಿಕೊಟ್ಟಿದ್ದಳು.

ಕಸ್ತೂರೆವ್ವ ಬೇಸಿಗೆಗೊಮ್ಮೆ ಶಾವಿಗೆ ಹೊಸೆಯುವುದನ್ನು ಬಿಡಲಿಲ್ಲ. ಟೊಮೆಟೊ ಆಗದವರು ಒಬ್ಬಿಬ್ಬರು ಜೈತುನಬಿಯಿಂದ ತಿಳಿದು ಆ ಗೊಜ್ಜು ಕೇಳಿಕೊಂಡು ಬಂದದ್ದುಂಟು. ಅವಳು ಮುಚ್ಚಿಡದೆ ಹೇಳಿಕೊಡುತ್ತಿದ್ದಳು, ಬೀಟರೂಟ ಒಂದನ್ನು ಬಿಟ್ಟು. "ಹಳದಿ ಇರಲಿ ಬಿಡ್ರಿ," ಎನ್ನುತ್ತಿದ್ದಳು. "ನೋಡಿದವರಿಗೆ ಬ್ಯಾರೆ ಐತಿ ಅಂತ ಗೊತ್ತಾಗಲಿ."

ಮೊಮ್ಮಗಳು ನಡೆದಾಡುವಷ್ಟಾದ ಮೇಲೆ ಸೀತವ್ವ ಅವಳನ್ನು ಕರೆದುಕೊಂಡು ತವರಿಗೆ ಬಂದಳು. ಕೂಸು ಅಜ್ಜಿಯ ತಾಟಿಗೆ ಕೈ ಹಾಕಿ ಶಾವಿಗೆ ತೆಗೆದು ತೆಗೆದು ತಿಂದಿತು. ಸೀತವ್ವ ಬೇಡವೆನ್ನಲಿಲ್ಲ, ಮೂಲೆಯ ಒಲೆಯ ಮುಂದೆ ತನ್ನ ಹಾಲು ಉಕ್ಕುವುದನ್ನು ನೋಡುತ್ತ ಕುಳಿತಿದ್ದಳು. ಕಸ್ತೂರೆವ್ವ ಎದ್ದು ಹೋಗಿ ಅವಳ ಒಲೆಗೆ ಒಂದು ಕಟ್ಟಿಗೆ ಸರಿಸಿ, ಮಗಳು ಏನಾದರೂ ಅಂದಾಳೇನೋ ಎಂದು ಕಾದಳು. ಸೀತವ್ವ ಆ ಕಟ್ಟಿಗೆಯನ್ನು ಹಾಗೆಯೇ ಉರಿಯಲು ಬಿಟ್ಟಳು. ತಾಯಿ ಅಲ್ಲಿಯೇ, ಪಕ್ಕದಲ್ಲಿ, ಕುಳಿತುಕೊಂಡಳು.